ಸರ್ಟಿಫಿಕೇಟಿನ ಮೇಲಿನ ಹೆಸರು: ಮದರಾಸಿನಿಂದ ಕೊಣಾಜೆಯವರೆಗೆ ನಮ್ಮೂರ ಡಿಗ್ರಿಯ ಕತೆ

ದ್ವಿತೀಯ ಪಿಯುಸಿ ಫಲಿತಾಂಶದ ದಿನ ನಮ್ಮ ಕರಾವಳಿಗೆ ಹಬ್ಬ. 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಆ ಒಂದು ದಿನ ನಮ್ಮಂಥ ವರದಿಗಾರರಿಗೆ ಬರೆದು ಮುಗಿಯದಷ್ಟು ಸುದ್ದಿ.

ಮರುದಿನದಿಂದ ಬೇರೆ ಲೆಕ್ಕ ಶುರು. ಕಾಪುವಿನ ಮೀನುಗಾರರ ಮನೆಯಲ್ಲಿ, ಕಾರ್ಕಳದ ಬೀಡಿ ಕಟ್ಟುವ ತಾಯಿಯ ಜಗಲಿಯಲ್ಲಿ, ಉಡುಪಿಯ ಆಟೋ ಸ್ಟ್ಯಾಂಡಿನಲ್ಲಿ ಒಂದೇ ಪ್ರಶ್ನೆ: ಮುಂದೆ ಎಲ್ಲಿಗೆ? ಮಣಿಪಾಲದ ಗುಡ್ಡ ಕಣ್ಣೆದುರಿಗೇ ಇದೆ. ದೇಶ ವಿದೇಶದ ಮಕ್ಕಳು ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ಆದರೆ ಅಲ್ಲಿನ ಫೀಸು ಕೇಳಿದರೆ ಅಪ್ಪ ಅಮ್ಮ ಮಾತು ಬದಲಿಸುತ್ತಾರೆ. ಉಳಿಯುವುದು ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜು, ಆಮೇಲೆ ಬೇಕಾದರೆ ಕೊಣಾಜೆಯಲ್ಲಿ ಎಂ.ಎ., ಎಂ.ಎಸ್ಸಿ. ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮಂಗಳೂರು ಯೂನಿವರ್ಸಿಟಿ ಡಿಗ್ರಿಗೆ ಈಗ ಬೆಲೆ ಉಂಟಾ ಮಾರಾಯ್ರೆ?"

ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಆದರೆ ನಮ್ಮ ಜಿಲ್ಲೆಯ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾವ ಯಾವ ಹೆಸರು ಬಂದು ಹೋಯಿತು ಎಂದು ನೋಡಿದರೆ ಪ್ರಶ್ನೆಯೇ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಈ ಬರಹ.

ಪಾಠ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ

1857ರಲ್ಲಿ ಬ್ರಿಟಿಷರು ಕಲ್ಕತ್ತಾ, ಬೊಂಬಾಯಿ, ಮದರಾಸು, ಈ ಮೂರು ಊರುಗಳಲ್ಲಿ ವಿಶ್ವವಿದ್ಯಾಲಯ ಆರಂಭಿಸಿದರು. ಅವಕ್ಕೆ ಮಾದರಿ ಲಂಡನ್ ವಿಶ್ವವಿದ್ಯಾಲಯ. ಆ ಮಾದರಿಯಲ್ಲಿ ವಿಶ್ವವಿದ್ಯಾಲಯ ಪಾಠ ಮಾಡುವುದಿಲ್ಲ. ಪಾಠ ಮಾಡುವುದು ಕಾಲೇಜು. ವಿಶ್ವವಿದ್ಯಾಲಯ ಪಠ್ಯ ನಿಗದಿ ಮಾಡುತ್ತದೆ, ಪರೀಕ್ಷೆ ನಡೆಸುತ್ತದೆ, ಸರ್ಟಿಫಿಕೇಟಿಗೆ ಮೊಹರು ಒತ್ತುತ್ತದೆ. ಇದನ್ನೇ ನಾವು ಇಂದಿಗೂ 'ಅಫಿಲಿಯೇಶನ್', ಸಂಯೋಜನೆ ಎನ್ನುತ್ತೇವೆ.

ಇದನ್ನು ನೆನಪಿಟ್ಟುಕೊಳ್ಳಿ. ಸರ್ಟಿಫಿಕೇಟಿನ ಮೇಲೆ ಇರುವ ಹೆಸರು ಬೇರೆ, ನಿಮಗೆ ಕಲಿಸಿದ ಕಾಲೇಜು ಬೇರೆ. ನಮ್ಮ ಗೊಂದಲದ ಅರ್ಧ ಪಾಲು ಇವೆರಡನ್ನು ಒಂದೇ ಎಂದುಕೊಂಡಿದ್ದರಿಂದ ಬಂದದ್ದು.

ಕೆನರಾ ಜಿಲ್ಲೆ ಎರಡಾಗಿ, ಉತ್ತರದ ಭಾಗ ಬೊಂಬಾಯಿಗೆ ಹೋದಾಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲೇ ಉಳಿಯಿತು. ಹಾಗಾಗಿ ನಮಗೆ ಮದರಾಸು ವಿಶ್ವವಿದ್ಯಾಲಯ. ಮಂಗಳೂರಿನಲ್ಲಿ 1868ರಲ್ಲಿ ಶುರುವಾದ ಸರ್ಕಾರಿ ವಿದ್ಯಾಸಂಸ್ಥೆ, 1880ರಲ್ಲಿ ಬಂದ ಸಂತ ಅಲೋಶಿಯಸ್ ಕಾಲೇಜು, 1921ರಲ್ಲಿ ಹೆಣ್ಣುಮಕ್ಕಳಿಗಾಗಿ ಬಂದ ಸಂತ ಆಗ್ನೆಸ್ ಕಾಲೇಜು ನಮಗಿದ್ದ ದೊಡ್ಡ ಆಸರೆ. ಉಡುಪಿಯಲ್ಲಿ, ಕಾರ್ಕಳದಲ್ಲಿ, ಕಾಪುವಿನಲ್ಲಿ ಕಾಲೇಜೇ ಇರಲಿಲ್ಲ. ದೊಡ್ಡ ಓದು ಎಂದರೆ ಮಂಗಳೂರು ದಾಟಿ ಮದರಾಸಿಗೇ ಹೋಗಬೇಕು. ಕೈಯಲ್ಲಿ ದುಡ್ಡಿದ್ದವರಿಗೆ, ನೆಂಟರ ಮನೆಯಲ್ಲಿ ಊಟ ಸಿಗುವವರಿಗೆ ಮಾತ್ರ ಆ ದಾರಿ.

ಉಳಿದವರ ದಾರಿ ಮುಂಬಯಿ. ಹಗಲು ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಪಾಸಾದ ಉಡುಪಿ, ಕಾಪು ಕಡೆಯ ಹುಡುಗರ ಕತೆ ನಿಮ್ಮ ಮನೆಯಲ್ಲೂ ಒಂದಾದರೂ ಇದ್ದೀತು. ಅವರ್ಯಾರೂ ಪ್ರಸಿದ್ಧ ಸಂಸ್ಥೆ ಯಾವುದು ಎಂದು ಹುಡುಕಿಕೊಂಡು ಹೋದವರಲ್ಲ. ರಾತ್ರಿ ಎಂಟು ಗಂಟೆಯ ಮೇಲೆ ಬಾಗಿಲು ತೆರೆದಿರುವ ಶಾಲೆ ಯಾವುದು ಎಂದು ಹುಡುಕಿದವರು.

1949: ಉಡುಪಿಗೆ ಬಂದ ಕಾಲೇಜು

ಕಲ್ಯಾಣಪುರದವರಾದ ಡಾ. ಟಿ.ಎಂ.ಎ. ಪೈ ಮದರಾಸಿನಲ್ಲಿ ವೈದ್ಯ ಓದಿ ಬಂದವರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಅವರೂ ಸೇರಿ ಕಟ್ಟಿದ್ದು. ಮನೆ ಮನೆಗೆ ಹೋಗಿ ಆಣೆ ಲೆಕ್ಕದಲ್ಲಿ ಸಂಗ್ರಹಿಸಿದ ಪಿಗ್ಮಿ ಠೇವಣಿಯ ಕತೆ ಎಲ್ಲರಿಗೂ ಗೊತ್ತು. 1942ರಲ್ಲಿ ಅವರು ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆ ಕಟ್ಟಿದರು. ಅದರ ಮೂಲಕ 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, ನಮ್ಮ ಎಂಜಿಎಂ, ಆರಂಭವಾಯಿತು.

ಆ ಹೊತ್ತಿಗೆ ಸರ್ಟಿಫಿಕೇಟಿನ ಹೆಸರು ಇನ್ನೂ ಮದರಾಸಿನದೇ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾಯಿತು. ಕಾಸರಗೋಡು ಕೇರಳದ ಪಾಲಾಯಿತು, ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ನಮ್ಮ ಕಾಲೇಜುಗಳ ಸರ್ಟಿಫಿಕೇಟಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಹೆಸರು ಬಂತು. 1960ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜು, ಅದೇ ವರ್ಷ ಕಾರ್ಕಳದ ಭುವನೇಂದ್ರ ಕಾಲೇಜು ಹುಟ್ಟಿದವು. ಒಂದು ತಲೆಮಾರಿನ ಹಿಂದೆ ಮದರಾಸಿನ ಕನಸು ಕಾಣಬೇಕಿದ್ದ ಓದು, ಕಾರ್ಕಳದ ಹುಡುಗಿಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರವಾಯಿತು.

ಹೆಸರು ಬದಲಾದಾಗ ಯಾರೂ ಅತ್ತಂತಿಲ್ಲ. ಮದರಾಸು 1857ರದ್ದು, ಮೈಸೂರು 1916ರದ್ದು. ಹಳೆಯ ದೊಡ್ಡ ಹೆಸರು ಹೋಗಿ ಹೊಸ ಹೆಸರು ಬಂತು ಎಂದು ಜನ ಕಾಲೇಜು ಬಿಡಲಿಲ್ಲ. ಯಾಕೆಂದರೆ ಪಾಠ ಮಾಡುವ ಮೇಷ್ಟ್ರು ಅವರೇ ಇದ್ದರು.

ಮಣಿಪಾಲ ನಿಂತದ್ದು ಯಾರ ಹೆಗಲ ಮೇಲೆ?

ಇಲ್ಲೊಂದು ವಿಷಯ ಹೇಳಲೇಬೇಕು. ಯಾಕೆಂದರೆ 'ಮಣಿಪಾಲ ಎಲ್ಲಿ, ಸರ್ಕಾರಿ ಯೂನಿವರ್ಸಿಟಿ ಎಲ್ಲಿ' ಎಂದು ಹೋಲಿಸುವಾಗ ಇದನ್ನು ಯಾರೂ ಹೇಳುವುದಿಲ್ಲ.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದಾಗ ಖಾಸಗಿಯಾಗಿ ಮೆಡಿಕಲ್ ಕಾಲೇಜು ನಡೆಸುವುದು ದೇಶಕ್ಕೇ ಅಪರೂಪದ ಸಂಗತಿ. ಅದಕ್ಕೆ ಮೊದಲ ವರ್ಷಗಳಲ್ಲಿ ಮಾನ್ಯತೆ ಕೊಟ್ಟದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಅದಾಗಲೇ ಹೆಸರಾಗಿದ್ದ ಸಂಸ್ಥೆಯಲ್ಲ, ಆಗಷ್ಟೇ ಕಣ್ಣು ಬಿಡುತ್ತಿದ್ದ ಸರ್ಕಾರಿ ವಿಶ್ವವಿದ್ಯಾಲಯ. ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಅಂದರೆ ಇಂದು ಜಗತ್ತು ಬಲ್ಲ ಮಣಿಪಾಲದ ಮೊದಲ ಹೆಜ್ಜೆಗಳಿಗೆ ಕೈ ಹಿಡಿದದ್ದು ಹೊಸ ಸರ್ಕಾರಿ ವಿಶ್ವವಿದ್ಯಾಲಯ ಮತ್ತು ಬಡವರ ಸರ್ಕಾರಿ ಆಸ್ಪತ್ರೆ.

ಟಿ.ಎಂ.ಎ. ಪೈ ಅವರ ಸಾಧನೆ ಇದರಿಂದ ಸಣ್ಣದಾಗುವುದಿಲ್ಲ. ಬೋಳು ಗುಡ್ಡದಲ್ಲಿ ಅಷ್ಟು ದೊಡ್ಡ ಸಂಸ್ಥೆ ಕಟ್ಟುವುದು ಆಟವಲ್ಲ. ಆದರೆ ಸಾರ್ವಜನಿಕ ಸಂಸ್ಥೆ ಎಂದರೆ ಸೋತವರ ಜಾಗ ಎಂಬ ಮಾತು ಬಂದಾಗ ಈ ಇತಿಹಾಸ ಗೊತ್ತಿರಬೇಕು.

ಕೊಣಾಜೆಯ ಗುಡ್ಡ

ಡಿಗ್ರಿ ಹತ್ತಿರ ಬಂತು. ಆದರೆ ಎಂ.ಎ., ಎಂ.ಎಸ್ಸಿ. ಬೇಕಿದ್ದರೆ ಘಟ್ಟ ಹತ್ತಿ ಮೈಸೂರಿಗೆ ಹೋಗಬೇಕು. ಮಂಗಳೂರಿನಿಂದಲೇ ಸುಮಾರು 250 ಕಿ.ಮೀ. ಆ ಕಾಲದ ಬಸ್ಸು, ಆ ಕಾಲದ ರಸ್ತೆ, ಮಳೆಗಾಲದ ಮಡಿಕೇರಿ ಘಾಟಿ. ಊಟ, ರೂಮು, ಬಟ್ಟೆಯ ಖರ್ಚು ಬೇರೆ. ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

1968ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮಂಗಳೂರಿನಲ್ಲೇ ಸ್ನಾತಕೋತ್ತರ ಕೇಂದ್ರ ಆರಂಭಿಸಿತು. ಮೈಸೂರಿನಲ್ಲಿ ಮಾನಸಗಂಗೋತ್ರಿ, ಇಲ್ಲಿ ಕೊಣಾಜೆಯಲ್ಲಿ ಮಂಗಳಗಂಗೋತ್ರಿ. ಕನ್ನಡ ವಿಭಾಗ ಕಟ್ಟಲು ಘಟ್ಟದ ಮೇಲಿನಿಂದ ಬಂದವರು ಕವಿ, ವಿದ್ವಾಂಸ ಎಸ್.ವಿ. ಪರಮೇಶ್ವರ ಭಟ್ಟರು. ಪುತ್ತೂರು ಕಡೆಯ ಬಿ.ಎ. ವಿವೇಕ ರೈ ಇಲ್ಲಿ ಕನ್ನಡ ಎಂ.ಎ. ಓದಿದ ಮೊದಲಿಗರಲ್ಲಿ ಒಬ್ಬರು. ಮುಂದೆ ಇಲ್ಲೇ ಪ್ರಾಧ್ಯಾಪಕರಾದರು, ಆಮೇಲೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು.

1980ರ ಸೆಪ್ಟೆಂಬರ್ 10ರಂದು ಈ ಕೇಂದ್ರವೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ದಕ್ಷಿಣ ಕನ್ನಡ, ಕೊಡಗು ಇದರ ವ್ಯಾಪ್ತಿ. ಉಡುಪಿ ಆಗ ದಕ್ಷಿಣ ಕನ್ನಡದೊಳಗೇ ಇತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಮೊದಲ ಕುಲಪತಿ ಇತಿಹಾಸಕಾರ ಬಿ. ಶೇಖ್ ಅಲಿ. ಮುಂದೆ ಗೋವಾ ವಿಶ್ವವಿದ್ಯಾಲಯಕ್ಕೂ ಅವರೇ ಮೊದಲ ಕುಲಪತಿಯಾದರು.

ಹೀಗೆ ನಮ್ಮ ಸರ್ಟಿಫಿಕೇಟಿನ ಮೇಲೆ ಮೂರನೆಯ ಹೆಸರು ಬಂತು: ಮಂಗಳೂರು.

ತುಂಬಿದ ಮನೆ ಬರಿದಾದದ್ದು

ಈಗಿನ ಮಕ್ಕಳಿಗೆ ನಂಬುವುದು ಕಷ್ಟ. 1980ರ ದಶಕದಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು, ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಎಂಐಟಿ, ಸುರತ್ಕಲ್‌ನ ಕೆಆರ್‌ಇಸಿ, ಮೂರೂ ಮಂಗಳೂರು ವಿಶ್ವವಿದ್ಯಾಲಯದ ಕೆಳಗಿದ್ದವು. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜೂ ಇದಕ್ಕೇ ಸೇರಿತ್ತು.

ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಮಣಿಪಾಲದಲ್ಲಿ ಓದಿದವರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅವರು ಎಂಐಟಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ್ದು 1988ರಲ್ಲಿ. ಆಗ ಎಂಐಟಿ ಇದ್ದದ್ದು ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ. ಇಂದು 'ಬೆಲೆ ಉಂಟಾ' ಎಂದು ಕೇಳುವ ವಿಶ್ವವಿದ್ಯಾಲಯದ ಡಿಗ್ರಿಯೇ ಅವರದ್ದೂ.

ಹಾಗಾದರೆ ಹೆಸರು ಮಸುಕಾದದ್ದು ಹೇಗೆ? ಒಂದೊಂದಾಗಿ ನೋಡಿ.

1993: ಮಣಿಪಾಲಕ್ಕೆ ಡೀಮ್ಡ್ ಯೂನಿವರ್ಸಿಟಿ ಸ್ಥಾನ ಸಿಕ್ಕಿತು. ಡೀಮ್ಡ್ ಎಂದರೆ ತನ್ನದೇ ಪಠ್ಯ, ತನ್ನದೇ ಪರೀಕ್ಷೆ, ತನ್ನದೇ ಸರ್ಟಿಫಿಕೇಟು. ಹೆಚ್ಚು ಹೆಸರಿನ ಕಾಲೇಜುಗಳು ಮೊದಲು ಹೊರಟವು.

1996: ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ರಾಜ್ಯದ ಉಳಿದ ಮೆಡಿಕಲ್, ನರ್ಸಿಂಗ್, ಫಾರ್ಮಸಿ ಕಾಲೇಜುಗಳು ಅದರ ಕೆಳಗೆ ಹೋದವು.

1998: ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು. ನಿಟ್ಟೆ ಸೇರಿ ಇಂಜಿನಿಯರಿಂಗ್ ಕಾಲೇಜುಗಳು ಅತ್ತ ಹೋದವು.

2002: ಕೆಆರ್‌ಇಸಿ ಕೇಂದ್ರ ಸರ್ಕಾರದ ಎನ್‌ಐಟಿಕೆ ಆಗಿ ಬೇರೆಯಾಯಿತು.

2008: ನಿಟ್ಟೆ ಸಂಸ್ಥೆಗೂ ಡೀಮ್ಡ್ ಸ್ಥಾನ. ನಿಟ್ಟೆಯ ಇಂಜಿನಿಯರಿಂಗ್ ಕಾಲೇಜು 2022ರಲ್ಲಿ ಅದರೊಳಗೆ ಸೇರಿತು.

2023: ಕೊಡಗಿಗೆ ಬೇರೆ ವಿಶ್ವವಿದ್ಯಾಲಯ ಆಯಿತು. ಎರಡೇ ವರ್ಷದಲ್ಲಿ, 2025ರ ಆರಂಭದಲ್ಲಿ, ಇಂಥ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ ಹಳೆಯ ಮನೆಗೇ ಸೇರಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು.

2024: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು.

ಒಂದೊಂದು ನಿರ್ಧಾರಕ್ಕೂ ಅದರದ್ದೇ ಕಾರಣ ಇತ್ತು. ವೈದ್ಯಕೀಯ ಶಿಕ್ಷಣಕ್ಕೆ ರಾಜ್ಯಕ್ಕೊಂದೇ ಪಠ್ಯ ಬೇಕು ಎನ್ನುವುದು ತಪ್ಪಲ್ಲ. ತನ್ನ ಪಠ್ಯವನ್ನು ಬೇಗ ಬದಲಿಸಿಕೊಳ್ಳಬೇಕು ಎಂದು ಕಾಲೇಜು ಬಯಸುವುದೂ ತಪ್ಪಲ್ಲ. ಆದರೆ ಎಲ್ಲ ಸೇರಿ ಆದದ್ದೇನು? ಮನೆಯ ಗಳಿಸುವ ಮಕ್ಕಳೆಲ್ಲ ಬೇರೆ ಮನೆ ಮಾಡಿದ ಹಾಗೆ. ಸಂಯೋಜನೆಯ ಶುಲ್ಕ, ಪರೀಕ್ಷೆಯ ಶುಲ್ಕ ಕಡಿಮೆಯಾಯಿತು. ರ‍್ಯಾಂಕ್ ಸುದ್ದಿ, ದೊಡ್ಡ ಸಂಬಳದ ಸುದ್ದಿ ಬೇರೆ ಹೆಸರಿನಲ್ಲಿ ಬರತೊಡಗಿತು. ಹಳ್ಳಿಯ ಕಲಾ, ವಾಣಿಜ್ಯ, ವಿಜ್ಞಾನ ಕಾಲೇಜುಗಳು, ಅವುಗಳಲ್ಲಿ ಓದುವ ಸಾಮಾನ್ಯರ ಮಕ್ಕಳು ಕೊಣಾಜೆಯ ಪಾಲಿಗೆ ಉಳಿದರು.

ಹೆಸರು ಕಳೆದುಹೋಗಲು ಪಾಠ ಕೆಟ್ಟದ್ದೇ ಕಾರಣ ಎಂದುಕೊಳ್ಳಬೇಡಿ. ಬಹುಪಾಲು ಅದು ಪಾಲು ಪಟ್ಟಿಯ ಕತೆ.

ಫೀಸಿನ ಕತೆಯೂ ನಮ್ಮೂರದ್ದೇ

ಖಾಸಗಿ ಕಾಲೇಜು ಎಷ್ಟು ಫೀಸು ತೆಗೆದುಕೊಳ್ಳಬಹುದು ಎಂಬ ಬಗ್ಗೆ ದೇಶದಲ್ಲಿ ಹೆಚ್ಚು ಉಲ್ಲೇಖವಾಗುವ ತೀರ್ಪುಗಳಲ್ಲಿ ಒಂದಕ್ಕೆ ನಮ್ಮ ಜಿಲ್ಲೆಯ ಹೆಸರಿದೆ: ಟಿ.ಎಂ.ಎ. ಪೈ ಫೌಂಡೇಶನ್ ವಿರುದ್ಧ ಕರ್ನಾಟಕ ಸರ್ಕಾರ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಇದನ್ನು ಹೇಳಿತು. ಸರ್ಕಾರದ ಅನುದಾನ ಪಡೆಯದ ಸಂಸ್ಥೆ ತನ್ನ ಫೀಸನ್ನು ತಾನೇ ನಿಗದಿ ಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಉಳಿತಾಯವನ್ನೂ ಮಾಡಬಹುದು. ಲಾಭಕೋರತನ ಮಾಡುವ ಹಾಗಿಲ್ಲ, ಕ್ಯಾಪಿಟೇಶನ್ ಪಡೆಯುವ ಹಾಗಿಲ್ಲ.

ಈ ತೀರ್ಪನ್ನು ಸರಿ, ತಪ್ಪು ಎಂದು ತೂಗುವುದು ಇಲ್ಲಿನ ಕೆಲಸವಲ್ಲ. ನಮ್ಮ ಮಕ್ಕಳ ಮಟ್ಟಿಗೆ ಅದರ ಅರ್ಥ ಸರಳ. ಮಣಿಪಾಲ ಕಿ.ಮೀ. ಲೆಕ್ಕದಲ್ಲಿ ಹತ್ತಿರವೇ ಇದೆ. ರೂಪಾಯಿ ಲೆಕ್ಕದಲ್ಲಿ ಹಿಂದಿನ ಮದರಾಸಿನಷ್ಟೇ ದೂರ ಹೋಗಿದೆ.

ಹೆಸರಿಲ್ಲದ ಮನೆಯಿಂದ ಬಂದ ಕೆಲಸ

ಕಾರ್ಕಳ ತಾಲ್ಲೂಕಿನ ನಂದಳಿಕೆಯ ಸಿರಿಜಾತ್ರೆ ನಮಗೆಲ್ಲ ಗೊತ್ತು. ಸಿರಿಯ ಪಾಡ್ದನ ಕೇಳದ ತುಳುವರು ಕಡಿಮೆ. 1990ರಲ್ಲಿ ಫಿನ್‌ಲ್ಯಾಂಡಿನ ಟುರ್ಕು ವಿಶ್ವವಿದ್ಯಾಲಯದ ವಿದ್ವಾಂಸ ಲೌರಿ ಹೊಂಕೊ ಇಲ್ಲಿಗೆ ಬಂದರು. ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆ ಸೇರಿ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಧ್ವನಿಮುದ್ರಿಸಿದರು. ಬರೆದು ಮುಗಿಸಿದಾಗ ಅದು 15,683 ಸಾಲು. 1998ರಲ್ಲಿ ಫಿನ್‌ಲ್ಯಾಂಡಿನಿಂದ ತುಳು ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾಗಿ ಹೊರಬಂತು.

ಯೋಚಿಸಿ ನೋಡಿ. ಗದ್ದೆಯಲ್ಲಿ ನೇಜಿ ನೆಡುವಾಗ ನಮ್ಮ ಅಜ್ಜಿಯಂದಿರು ಹಾಡುತ್ತಿದ್ದುದನ್ನು 'ಇದೂ ಮಹಾಕಾವ್ಯ' ಎಂದು ಲೋಕದ ಮುಂದೆ ಇಡಲು ತುಳು ಬಲ್ಲ, ಭೂತಾರಾಧನೆ ಬಲ್ಲ ಮೇಷ್ಟ್ರುಗಳು ಬೇಕಿತ್ತು. ಅವರು ಇದ್ದದ್ದು ಕೊಣಾಜೆಯ ಕನ್ನಡ ವಿಭಾಗದಲ್ಲಿ. ಚಿನ್ನಪ್ಪ ಗೌಡರು ಮುಂದೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದರು.

ಉಡುಪಿಯಲ್ಲೂ ಇಂಥದೇ ಇನ್ನೊಂದು ಕೆಲಸ ಆಯಿತು. ಎಂಜಿಎಂ ಕಾಲೇಜಿನ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟು 6 ಸಂಪುಟಗಳಲ್ಲಿ ಬಂತು. 1988ರಿಂದ 1997ರವರೆಗೆ ಅದರ ಪ್ರಕಟಣೆ ನಡೆಯಿತು. ಕಾಲೇಜು ಖಾಸಗಿ ಸಂಸ್ಥೆಯದ್ದು, ದುಡ್ಡಿನ ನೆರವು ಸರ್ಕಾರದ್ದು, ಶಬ್ದಗಳು ಊರವರದ್ದು.

ವಿಜ್ಞಾನದ ಕಡೆಯೂ ಅಷ್ಟೆ. ಕೊಣಾಜೆಯಲ್ಲಿ ಮೈಕ್ರೋಟ್ರಾನ್ ಎಂಬ ಯಂತ್ರ ಇದೆ. ಎಲೆಕ್ಟ್ರಾನ್ ಕಣಗಳನ್ನು ಭಾರೀ ವೇಗಕ್ಕೆ ಏರಿಸಿ ವಸ್ತುಗಳ ಮೇಲೆ ಪ್ರಯೋಗ ಮಾಡಲು ಅದು ಬೇಕು. ಕೈಗಾ ಅಣು ಸ್ಥಾವರದ ಸುತ್ತಲಿನ ಮಣ್ಣು, ನೀರು, ಗಾಳಿಯಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುವ ಕೆಲಸವನ್ನೂ ಇಲ್ಲಿನ ವಿಜ್ಞಾನಿಗಳು ಮಾಡಿದ್ದಾರೆ. ಹಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿ ಬಂದ ಮಕ್ಕಳು ಇಂಥ ಯಂತ್ರದ ಬಳಿ ನಿಂತು ಕಲಿಯುವ ಅವಕಾಶ ಸಣ್ಣದಲ್ಲ.

ಕೊರತೆಯನ್ನೂ ಬಚ್ಚಿಡಬಾರದು

ಇಷ್ಟು ಹೇಳಿ ಸುಮ್ಮನಾದರೆ ಮಕ್ಕಳಿಗೆ ಮೋಸ ಮಾಡಿದ ಹಾಗೆ. ಕಳೆದ ಕೆಲವು ವರ್ಷಗಳಿಂದ ಮಂಗಳೂರು ವಿಶ್ವವಿದ್ಯಾಲಯ ಸುದ್ದಿಯಲ್ಲಿರುವುದು ಹೆಚ್ಚಾಗಿ ಹಣಕಾಸಿನ ಮುಗ್ಗಟ್ಟಿಗೆ. ಕಾಯಂ ಪ್ರಾಧ್ಯಾಪಕರು ನಿವೃತ್ತರಾದ ಜಾಗ ತುಂಬುವುದು ತಡ. ಅತಿಥಿ ಉಪನ್ಯಾಸಕರ ಮೇಲೆ ಪಾಠದ ಭಾರ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೂ ಇದೇ ಕತೆ. ಅತಿಥಿ ಉಪನ್ಯಾಸಕರ ಮುಷ್ಕರ ಶುರುವಾದರೆ ತರಗತಿ ನಿಲ್ಲುತ್ತದೆ.

ಪಠ್ಯವೂ ಅತ್ತಿತ್ತ ತೂಗಾಡಿತು. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 4 ವರ್ಷದ ಡಿಗ್ರಿ ಎಂದರು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ 3 ವರ್ಷಕ್ಕೆ ಮರಳಿತು. ಇದು ಮಂಗಳೂರಿನ ತಪ್ಪಲ್ಲ, ಇಡೀ ರಾಜ್ಯದ ಸರ್ಕಾರಿ ವ್ಯವಸ್ಥೆಯ ಹೊಯ್ದಾಟ. ಆದರೆ ಅಂಕಪಟ್ಟಿ ತಡವಾದಾಗ ಕೆಲಸದ ಸಂದರ್ಶನ ತಪ್ಪಿಸಿಕೊಳ್ಳುವುದು ವಿದ್ಯಾರ್ಥಿಯೇ.

ಕಾಪು ತಾಲ್ಲೂಕಿನ ಬೆಳಪುವಿನಲ್ಲಿ ವಿಶ್ವವಿದ್ಯಾಲಯದ ವಿಜ್ಞಾನ ಸಂಶೋಧನಾ ಕೇಂದ್ರ ಬರುತ್ತದೆ ಎಂದಾಗ ಈ ಭಾಗದ ಜನ ಖುಷಿಪಟ್ಟಿದ್ದರು. ಉಡುಪಿ ಜಿಲ್ಲೆಯ ಮಕ್ಕಳು ಸುಮಾರು 75 ಕಿ.ಮೀ. ದೂರದ ಕೊಣಾಜೆಗೆ ಹೋಗುವುದು ತಪ್ಪುತ್ತದೆ ಎಂಬ ಆಸೆ. ಆದರೆ ಕೆಲಸ ವರ್ಷಗಟ್ಟಲೆ ಎಳೆಯಿತು.

ಬಸ್ಸಿನದ್ದು ಇನ್ನೊಂದು ಲೆಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಮೈಸೂರಿನ ವಿದ್ಯಾರ್ಥಿನಿಗೆ ಸಿಕ್ಕಷ್ಟು ಲಾಭ ಕಾರ್ಕಳದ ಒಳಹಳ್ಳಿಯ ವಿದ್ಯಾರ್ಥಿನಿಗೆ ಸಿಗಲಿಲ್ಲ. ಫೀಸು ಕಡಿಮೆ ಎಂದು ಸೇರಿ, ಬಸ್ಸಿಗೆ ಕೊಟ್ಟು ಸೋತವರಿದ್ದಾರೆ.

ಹಾಗಾದರೆ ತೂಗುವುದು ಹೇಗೆ?

ಮೊದಲು ಕಾನೂನಿನ ಮಾತು. ಕೆಪಿಎಸ್‌ಸಿ, ಬ್ಯಾಂಕ್, ಎಫ್‌ಡಿಎ, ಐಎಎಸ್, ಯಾವ ಪರೀಕ್ಷೆಗೂ ಕೇಳುವುದು ಮಾನ್ಯತೆ ಇರುವ ವಿಶ್ವವಿದ್ಯಾಲಯದ ಡಿಗ್ರಿ. ಮಂಗಳೂರು ಎಂದು ಅಂಕ ಕಡಿಮೆ ಮಾಡುವುದಿಲ್ಲ, ದೊಡ್ಡ ಹೆಸರು ಎಂದು ಹೆಚ್ಚು ಕೊಡುವುದೂ ಇಲ್ಲ. ಎಂ.ಎ. ಮಾಡಿ ಮೇಷ್ಟ್ರಾಗಬೇಕು ಎನ್ನುವವರಿಗೆ ನೆಟ್, ಕೆ-ಸೆಟ್ ಪರೀಕ್ಷೆಗಳಲ್ಲೂ ಅಷ್ಟೇ. ಸರ್ಕಾರಿ ಕೆಲಸದ ದಾರಿ ಹಿಡಿಯುವ ಮಗುವಿಗೆ ಹೆಸರಿಗಾಗಿ ಸಾಲ ಮಾಡುವ ಅಗತ್ಯ ಇಲ್ಲ.

ಖಾಸಗಿ ಕಂಪನಿಯ ಕೆಲಸ ಬೇರೆ. ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಆಯ್ದುಕೊಳ್ಳುವಾಗ ಹೆಸರು ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಮಣಿಪಾಲ, ನಿಟ್ಟೆಯಂಥ ಕಡೆ ಅನುಕೂಲ ಹೆಚ್ಚು. ಇಂಜಿನಿಯರಿಂಗ್, ಮೆಡಿಕಲ್ ಓದುವವರ ದಾರಿಯೂ ಬೇರೆ, ಅವರು ಸಿಇಟಿ, ನೀಟ್ ರ‍್ಯಾಂಕ್ ನೋಡಿ ಮೊದಲು ಸರ್ಕಾರಿ ಸೀಟು ಹುಡುಕಬೇಕು. ಮಣಿಪಾಲದಲ್ಲಿ ಪೂರ್ತಿ ವಿದ್ಯಾರ್ಥಿವೇತನ ಸಿಕ್ಕಿದರೆ ಬಿಡುವುದೂ ಬೇಡ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರಿಗೆ ನಮ್ಮಲ್ಲೇ ಕಾಪು, ಕಾರ್ಕಳ, ತೆಂಕನಿಡಿಯೂರಿನ ಸರ್ಕಾರಿ ಕಾಲೇಜುಗಳಿವೆ, ಉಡುಪಿ ಅಜ್ಜರಕಾಡಿನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಕಾಲೇಜಿದೆ. ಅಜ್ಜರಕಾಡು, ತೆಂಕನಿಡಿಯೂರಿನಲ್ಲಿ ಸ್ನಾತಕೋತ್ತರ ತರಗತಿಗಳೂ ಇವೆ. ಎಲ್ಲದಕ್ಕೂ ಕೊಣಾಜೆಗೇ ಹೋಗಬೇಕೆಂದಿಲ್ಲ.

ಸೇರುವ ಮೊದಲು ಕಾಲೇಜಿಗೆ ಒಮ್ಮೆ ಹೋಗಿ ಇವಿಷ್ಟನ್ನು ಕೇಳಿ:

– ನಾನು ಓದುವ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಮಂದಿ? ಅತಿಥಿಗಳು ಎಷ್ಟು?

– ಕಳೆದ ವರ್ಷ ಎಷ್ಟು ದಿನ ಪಾಠ ನಡೆಯಿತು? ಫಲಿತಾಂಶ ಯಾವ ತಿಂಗಳಲ್ಲಿ ಬಂತು?

– ಪ್ರಯೋಗಾಲಯ, ಗ್ರಂಥಾಲಯ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ?

– ಹಾಸ್ಟೆಲ್ ಸಿಗುತ್ತದಾ? ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯಲ್ಲಿ ತಿಂಗಳ ಲೆಕ್ಕದಲ್ಲಿ ನೆರವು ಇದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೊನೆಯ ದಿನಾಂಕದೊಳಗೆ ಅರ್ಜಿ ಹಾಕಬೇಕು.

– ಕಳೆದ ಮೂರು ವರ್ಷಗಳಲ್ಲಿ ಇಲ್ಲಿಂದ ಹೋದವರು ಈಗ ಎಲ್ಲಿದ್ದಾರೆ? ಇದನ್ನು ಪ್ರಾಂಶುಪಾಲರಿಗಿಂತ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಒಳ್ಳೆಯದು.

ಫೀಸಿನ ಜೊತೆ ಮೂರು ವರ್ಷದ ಬಸ್ಸು, ಊಟ, ಪುಸ್ತಕ ಎಲ್ಲ ಕೂಡಿಸಿ ಒಂದು ಹಾಳೆಯಲ್ಲಿ ಬರೆಯಿರಿ. ಖಾಸಗಿ ಕಾಲೇಜಿನ ಲೆಕ್ಕವನ್ನು ಪಕ್ಕದಲ್ಲಿ ಬರೆಯಿರಿ. ಎರಡರ ನಡುವಿನ ಅಂತರದಲ್ಲಿ ಏನೇನು ಕಲಿಯಬಹುದು ಎಂದು ಆಮೇಲೆ ನೋಡಿ: ಕಂಪ್ಯೂಟರ್, ಇಂಗ್ಲಿಷ್, ಸಿ.ಎ. ಫೌಂಡೇಶನ್, ಸ್ಪರ್ಧಾ ಪರೀಕ್ಷೆಯ ತಯಾರಿ. ಸರ್ಕಾರಿ ಕಾಲೇಜಿನಲ್ಲಿ ಓದಿ, ಉಳಿದ ದುಡ್ಡನ್ನು ಹೀಗೆ ಖರ್ಚು ಮಾಡಿದವರು ಹೆಸರಿಗೆ ಖರ್ಚು ಮಾಡಿದವರಿಗಿಂತ ಮುಂದೆ ಹೋಗಬಹುದು. ಉಳಿಸಿದ ದುಡ್ಡನ್ನೂ, ಸಮಯವನ್ನೂ ಮೊಬೈಲಿಗೆ ಕೊಟ್ಟವರಿಗೆ ಆ ಮಾತು ಅನ್ವಯಿಸುವುದಿಲ್ಲ.

ನಮ್ಮದು ಎಂದ ಮೇಲೆ

ಮದರಾಸು, ಧಾರವಾಡ, ಮೈಸೂರು, ಮಂಗಳೂರು, ಮಣಿಪಾಲ, ಬೆಳಗಾವಿ, ನಿಟ್ಟೆ. ನಮ್ಮ ಜಿಲ್ಲೆಯ ಮಕ್ಕಳ ಸರ್ಟಿಫಿಕೇಟಿನ ಮೇಲೆ ಇಷ್ಟು ಹೆಸರು ಬಂದಿವೆ. ಅಜ್ಜನದ್ದು ಮದರಾಸು, ಅಪ್ಪನದ್ದು ಮೈಸೂರು, ಅಕ್ಕನದ್ದು ಮಂಗಳೂರು ಇರುವ ಮನೆಗಳಿವೆ. ಮೂವರಿಗೂ ಒಂದೇ ಕಾಲೇಜು, ಒಂದೇ ಗ್ರಂಥಾಲಯ ಆಗಿರಲೂಬಹುದು. ಹೆಸರು ಬದಲಾಗುತ್ತದೆ. ಒಳ್ಳೆಯ ಮೇಷ್ಟ್ರು, ತೆರೆದಿರುವ ಗ್ರಂಥಾಲಯ, ಸಮಯಕ್ಕೆ ಬರುವ ಬಸ್ಸು, ಕಟ್ಟಲು ಸಾಧ್ಯವಾಗುವ ಫೀಸು, ಇವು ಇದ್ದಲ್ಲಿ ಓದು ನಡೆದಿದೆ. ಇಲ್ಲದ ಕಡೆ ಯಾವ ಹೆಸರೂ ಕಾಪಾಡಿಲ್ಲ.

ಖಾಸಗಿ ಸಂಸ್ಥೆಯಲ್ಲಿ ಫೀಸು ಕಟ್ಟಿದವರು ಗಿರಾಕಿ, ಸೇರದಿದ್ದವರಿಗೆ ಕೇಳುವ ಹಕ್ಕಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಹಾಗಲ್ಲ. ನಿಮ್ಮ ಮಗಳು ಅಲ್ಲಿ ಓದದಿದ್ದರೂ ಅದು ನಿಮ್ಮ ತೆರಿಗೆಯದ್ದು. ಅಧ್ಯಾಪಕರ ಹುದ್ದೆ ಯಾಕೆ ಖಾಲಿ, ಬೆಳಪುವಿನ ಕೆಲಸ ಯಾಕೆ ತಡ, ಕೊಣಾಜೆಗೆ ಅನುದಾನ ಎಷ್ಟು ಬಂತು ಎಂದು ಗ್ರಾಮಸಭೆಗೆ ಬರುವ ಜನಪ್ರತಿನಿಧಿಯನ್ನು ಕೇಳಬಹುದು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಬರಹದಲ್ಲೇ ಉತ್ತರ ಪಡೆಯಬಹುದು.

ಪಿಯುಸಿಯಲ್ಲಿ ರಾಜ್ಯಕ್ಕೆ ಮೊದಲು ಬರುವ ಜಿಲ್ಲೆ ನಮ್ಮದು. ಆ ಮಕ್ಕಳು ಮುಂದಿನ ಮೂರು ವರ್ಷ ಕೂರುವ ಬೆಂಚಿನ ಮುಂದೆ ಪಾಠ ಮಾಡುವವರು ಇದ್ದಾರಾ ಎಂದು ಅಷ್ಟೇ ಜೋರಾಗಿ ಕೇಳೋಣ.